ಕೆಂಪು ಬಾಳೆಹಣ್ಣು ಮತ್ತು ಒಂದು ‘ಸರ್ಟನ್ಲಿ’

ಸ್ಟೇಶನ್ ಬಜಾರಿನಲ್ಲಿ ಎತ್ತಿನ ಬಂಡಿಯಿಂದ ಇಳಿದವನೇ ಒಬ್ಬ ಹಮಾಲನನ್ನು, “ಮುಂಬಯಿ ಗಾಡಿ ಇವತ್ತ ಬರ್ತದೇನಪಾ?” ಎಂದು ಕೇಳಿದೆ. “ಬರ್ತದ!” ಎಂದು ಅವನು ತಲೆಯ ಮೇಲಿನ ಮೂಟೆಯನ್ನೂ ಇಳಿಸದೆ ಹೇಳಿ ಹೋದ. ನಾನು ನಿಂತಲ್ಲೇ ಬೆಚ್ಚಿದೆ. ದೇವರ ಹೆಸರಿಲ್ಲ, ‘ನೋಡೋಣು’ ಎಂಬ ಮಾತಿಲ್ಲ. ಮುಂದೆ ಆಗಬೇಕಾದದ್ದನ್ನು ತನ್ನ ಹಿತ್ತಲಲ್ಲಿ ಕಟ್ಟಿಹಾಕಿಕೊಂಡವನ ಹಾಗೆ ಹೇಳಿಬಿಟ್ಟನಲ್ಲ! ನಮ್ಮ ಕಮಲಾಪುರದಲ್ಲಿ ನಾಳೆ ಸೂರ್ಯ ಹುಟ್ಟುತ್ತಾನೆಯೇ ಎಂದು ಕೇಳಿದರೂ ‘ಹುಟ್ಟಬಹುದ್ರಿ’ ಎನ್ನುವವರು ನಾವು. ಇನ್ನೂ ಸೋಜಿಗವೆಂದರೆ, ಆ ಗಾಡಿ ಬಂದೇ ಬಂತು.

ಊರಿನವರು ಕೇಳುತ್ತೀರಿ, ಕಲಬುರ್ಗಿ ಹೇಗಿದೆ ಎಂದು. ನನಗೆ ಮೋಮಿನಪುರದಲ್ಲಿ ಒಂದು ಮಾಳಿಗೆ ಕೋಣೆ ಸಿಕ್ಕಿದೆ. ಕೆಳಗೆ ಮನೆಯ ಯಜಮಾನರಾದ ಉಸ್ಮಾನಸಾಬ ಮುನ್ಶಿಗಳು ಇರುತ್ತಾರೆ. ಅವರು ಕನ್ನಡದಲ್ಲಿ ಮಾತು ಶುರುಮಾಡಿ ಉರ್ದುವಿನಲ್ಲಿ ಮುಗಿಸುತ್ತಾರೆ. ಮೊದಮೊದಲು ಅವರ ಮಾತಿನ ಅರ್ಧ ದಾರಿಯಲ್ಲೇ ನಾನು ಇಳಿದುಬಿಡುತ್ತಿದ್ದೆ. ಖಾನಾವಳಿಯಲ್ಲಿ ರೊಟ್ಟಿ ಸಿಗುತ್ತದೆ, ಆದರೆ ಅದನ್ನು ಬಡಿದವರ ಮುಖ ಕಾಣುವುದಿಲ್ಲ. ಊರಲ್ಲಿ ಅವ್ವ ‘ಇನ್ನೊಂದು ಹಾಕ್ಕೋ’ ಎಂದು ಜಗಳ ತೆಗೆದೇ ಬಡಿಸುತ್ತಾಳೆ. ಇಲ್ಲಿ ಸಾಕು ಎಂದರೆ ಸಾಕು, ತಾಟು ಎತ್ತಿಕೊಂಡು ಹೋಗುತ್ತಾರೆ. ಆ ಜಗಳವಿಲ್ಲದೆ ಎಷ್ಟೋ ದಿನ ಹೊಟ್ಟೆ ತುಂಬಿದಂತೆಯೇ ಅನ್ನಿಸಲಿಲ್ಲ; ಕೋಣೆಗೆ ಬಂದು ಒಬ್ಬನೇ ಕುಳಿತು ಅಳುತ್ತಿದ್ದೆ.

ನನ್ನ ಕೆಲಸ ಸ್ಟೇಶನ್ ಎದುರಿನ ಅಡತಿ ಅಂಗಡಿಯಲ್ಲಿ. ರೈತರ ಮಾಲನ್ನು ಹೊರಗಿನ ವ್ಯಾಪಾರಿಗಳಿಗೆ ಮಾರಿಸಿಕೊಡುವ ಅಂಗಡಿ ಅದು. ಸರಕಾರದ ಕಚೇರಿಗೆ ಉರ್ದು ಬೇಕು, ರೈಲಿನವರಿಗೆ ಇಂಗ್ಲಿಷ್ ಬೇಕು. ಉರ್ದು ಬರೆಯಲು ಉಸ್ಮಾನಸಾಬರು, ಇಂಗ್ಲಿಷಿಗೆ ನಾನು. ಸೊಲ್ಲಾಪುರದ ಕಡೆಯಿಂದ ಬಂದ ಮಾಸ್ತರರೊಬ್ಬರು ಊರಲ್ಲಿ ಕಲಿಸಿದ್ದ ನಾಲ್ಕಕ್ಷರದ ಮೇಲೆ ನಾನು ಬಹಳ ಮೆರೆಯುತ್ತಿದ್ದೆ. ಆ ಮೆರೆದಾಟದಲ್ಲೇ ನಮ್ಮ ಸೋದರಮಾವನಿಗೆ ಹೇಳಿಕಳಿಸಿದೆ: ನಿನ್ನ ತೋಟದ ಕೆಂಪು ಬಾಳೆಹಣ್ಣು ತಗೊಂಡು ಬಾ, ಮುಂಬಯಿಗೆ ಕಳಿಸೋಣ, ಅಲ್ಲಿಯ ವ್ಯಾಪಾರಿ ಒಪ್ಪಿದ್ದಾನೆ.

ಮಾವ ತೋಟದ ಹಣ್ಣನ್ನೆಲ್ಲ ಕಡಿದು, ಬುಟ್ಟಿಗಳಲ್ಲಿ ಹುಲ್ಲು ಹಾಸಿ, ಬಂಡಿಯಲ್ಲಿ ಇಡೀ ರಾತ್ರಿ ಕುಲುಕಿಸಿಕೊಂಡು ತಂದ. ಆ ದಿನದ ಗಾಡಿ ತಪ್ಪಿದರೆ ಹಣ್ಣು ಇಲ್ಲೇ ಮಾಗಿ ಕೆಡುತ್ತಿತ್ತು. ಅವನು ವರ್ಷವಿಡೀ ಎತ್ತಿದ ನೀರು ಬೀದಿಪಾಲಾಗುತ್ತಿತ್ತು.

ಗಾಡಿಗೆ ಏರಿಸುವ ಮುಂಚೆ ಮಾಲು ನೋಡುವ ರೈಲು ಸಾಹೇಬ ಈ ಸೀಮೆಗೆ ಹೊಸಬ. ಬುಟ್ಟಿಯ ಹುಲ್ಲು ಸರಿಸಿ ನೋಡಿ ಮೂಗು ಮುಚ್ಚಿಕೊಂಡ. ಅವನ ಲೋಕದಲ್ಲಿ ಬಾಳೆಹಣ್ಣೆಂದರೆ ಹಸಿರು, ಇಲ್ಲವೆ ಹಳದಿ. ಕೆಂಪಗಾಗಿದ್ದರೆ ಕೊಳೆತದ್ದು!

“ಮಾಲ್ ಅಚ್ಛಾ ಹೈ?” ಎಂದು ಮಾವನನ್ನೇ ಕೇಳಿದ. ನಾನು ಕನ್ನಡದಲ್ಲಿ ತಿಳಿಸಿದೆ.

ಮಾವ ರುಮಾಲು ಸರಿಪಡಿಸಿಕೊಂಡು, ನೆಲ ನೋಡುತ್ತ, “ಛಲೊ ಇರಬಹುದ್ರಿ ಸಾಬ್” ಎಂದ.

ತನ್ನ ಬೆಳೆಯನ್ನು ತಾನೇ ಹೊಗಳಿದರೆ ದೃಷ್ಟಿಯಾಗುತ್ತದೆ. ದೊಡ್ಡವರ ಮುಂದೆ ‘ಹೌದು’ ಎಂದು ಗಟ್ಟಿಯಾಗಿ ಹೇಳುವುದು ಉದ್ಧಟತನ. ಇದು ನಿಮಗೆ ಗೊತ್ತು, ನನಗೆ ಗೊತ್ತು. ಸಾಹೇಬನಿಗೇನು ಗೊತ್ತು? ಅವನು ತಲೆ ಅಲ್ಲಾಡಿಸಿ, ಏನು ಹೇಳುವುದಿದ್ದರೂ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದ.

ನಾನು ಅಂಗಡಿಗೆ ಓಡಿಬಂದು ಬರೆದೆ. ಆಹಾ, ಎಂಥ ವಿನಯ! ಮಹಾಸ್ವಾಮಿಗಳ ಪಾದದಲ್ಲಿ ಅರಿಕೆ ಏನೆಂದರೆ, ಈ ಹಣ್ಣಿನ ಬಣ್ಣ ಬಹುಶಃ ಸ್ವಭಾವದಿಂದಲೇ ಹೀಗಿರಬಹುದು, ಪ್ರಾಯಶಃ ಇದು ಕೆಟ್ಟಿರಲಿಕ್ಕಿಲ್ಲ, ತಮ್ಮ ಚಿತ್ತಕ್ಕೆ ಬಂದರೆ... ಇಂಗ್ಲಿಷಿನಲ್ಲಿ ‘ಪರ್‌ಹ್ಯಾಪ್ಸ್’, ‘ಪಾಸಿಬ್ಲಿ’ ಎನ್ನುತ್ತಾರೆ ಈ ‘ಬಹುಶಃ’, ‘ಪ್ರಾಯಶಃ’ಗಳಿಗೆ. ಊರ ಮರ್ಯಾದೆಯನ್ನೆಲ್ಲ ಆ ಹಾಳೆಯಲ್ಲಿ ಸುರಿದಿದ್ದೆ.

ಸಾಹೇಬ ಓದಿ ನಕ್ಕೇಬಿಟ್ಟ. “ತುಮ್ ಕೋ ಮಾಲೂಮ್ ನಹೀಂ, ಹಮ್ ಕೋ ಕೈಸಾ ಮಾಲೂಮ್ ಹೋಗಾ?” ನಿನಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು ಎನ್ನುತ್ತ ಹಾಳೆಯನ್ನು ಹಿಂದಕ್ಕೆ ಕೊಟ್ಟ.

ಮಾವ ಬುಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. “ಏನಂತಾನೋ?” ಎಂದ. ನನಗೆ ಅಳು ಬಂದಿತ್ತು. “ನಾವು ಅನುಮಾನ ಪಡಾಕತ್ತೀವಿ ಅಂತ ತಿಳಕೊಂಡಾನ ಮಾವ” ಎಂದೆ. “ಅನುಮಾನ ಯಾರಿಗದ? ಗಿಡಕ್ಕ ನೀರು ಹಾಕಿದವ ನಾನಲ್ಲೇನು?” ಎಂದು ಅವನು ಸಿಟ್ಟಾದ. ಆ ಸಿಟ್ಟನ್ನೇ ಸಾಹೇಬನ ಮುಂದೆ ತೋರಿಸಿದ್ದರೆ ಆಗುತ್ತಿತ್ತಲ್ಲ ಎಂದುಕೊಂಡೆ.

ಅಂಗಡಿಯಲ್ಲಿ ಉಸ್ಮಾನಸಾಬರು ಅರ್ಜಿಯನ್ನು ನನ್ನಿಂದ ಓದಿಸಿ, ಅರ್ಥ ಕೇಳಿದರು. ಕೇಳಿ ಹಣೆ ಚಚ್ಚಿಕೊಂಡರು.

“ಇದು ದರ್ಬಾರಕ್ಕ ಬರ್ಯೋ ಅದಬ್, ಮರ್ಯಾದಿ ಮಾತು ಅದ ತಮ್ಮಾ. ರೈಲಿನವರ ಮುಂದ ಇದು ನಡ್ಯಂಗಿಲ್ಲ. ಅವರಿಗೆ ಮಾತಂದ್ರ ಗ್ವಾಡಿಗೆ ಮೊಳಿ ಹೊಡದಂಗ ಇರಬೇಕು. ನಿನ್ನ ಅಂಗ್ರೇಜಿನಾಗ ಮೊಳಿ ಇಲ್ಲೇನು?”

ಇದ್ದವು. ‘ಸರ್ಟನ್ಲಿ’, ‘ಶ್ಯೂರ್ಲಿ’, ‘ಪಾಸಿಟಿವ್ಲಿ’, ‘ಅನ್‌ಡೌಟೆಡ್ಲಿ’. ಖಂಡಿತ, ನಿಜಕ್ಕೂ, ನಿಸ್ಸಂದೇಹ ಎಂಬ ಗಟ್ಟಿ ಪದಗಳು. ಮಾಸ್ತರರು ಬಾಯಿಪಾಠ ಮಾಡಿಸಿದ್ದರು. ನಾನು ಮಾತ್ರ ಅವನ್ನು ಸೊಕ್ಕಿನವರ ಮಾತೆಂದು ಮುಟ್ಟಿರಲಿಲ್ಲ. ಈಗ ಒಮ್ಮೆಲೇ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ತುರುಕಿ ಓದಿ ಹೇಳಿದೆ. ಮುನ್ಶಿಗಳು ಗಡ್ಡ ನೀವಿಕೊಂಡರು.

“ಇಷ್ಟು ಆಣೆ ಮಾಡಿದ್ರ ನಾನೂ ನಂಬಂಗಿಲ್ಲ. ಒಂದು ಹಲಗಿಗೆ ಎಷ್ಟು ಮೊಳಿ ಹೊಡೀತಿ? ಸೀಳಿ ಹೋಗ್ತದ. ಒಂದ ಹೊಡಿ, ಜಾಗಾ ನೋಡಿ ಹೊಡಿ.”

ತಿದ್ದಿ ತಿದ್ದಿ ಮೂರು ಸಾಲು ಉಳಿದವು. ಈ ಹಣ್ಣು ಹುಟ್ಟಿನಿಂದಲೇ ಕೆಂಪು. ಇದು ಸರ್ಟನ್ಲಿ ಕೊಳೆತಿಲ್ಲ. ಒಂದನ್ನು ಸುಲಿದು ನೋಡಿ. ಬರೆಯುವಾಗ ಅಪ್ಪನ ಮುಂದೆ ಕಾಲ ಮೇಲೆ ಕಾಲು ಹಾಕಿ ಕುಳಿತಂತೆ ಮುಜುಗರವಾಯಿತು.

ಸಾಹೇಬ ಓದಿದ. ಈ ಸಲ ನಗಲಿಲ್ಲ. ನನ್ನ ಮುಖ ನೋಡಿ, “ಸರ್ಟನ್ಲಿ?” ಎಂದ. ನಾಲಿಗೆಯ ತುದಿಗೆ ‘ಇರಬಹುದ್ರಿ’ ಬಂದೇ ಬಿಟ್ಟಿತ್ತು. ಅದನ್ನು ನುಂಗಿಕೊಂಡು “ಸರ್ಟನ್ಲಿ, ಸರ್!” ಎಂದೆ. ಪ್ಲಾಟ್‌ಫಾರ್ಮಿನ ಹಮಾಲರು ತಿರುಗಿ ನೋಡುವಷ್ಟು ಜೋರಾಗಿತ್ತು ನನ್ನ ದನಿ.

ದಾರಿಯಲ್ಲಿ ತಿನ್ನಲೆಂದು ಮಾವ ಮಾಗಿದ ಒಂದು ಚಿಪ್ಪನ್ನು ಬೇರೆ ಕಟ್ಟಿಕೊಂಡಿದ್ದ. ಸಾಹೇಬ ಅದರಿಂದ ಒಂದು ಕಿತ್ತು ಸುಲಿದ. ಕೆಂಪು ಸಿಪ್ಪೆಯೊಳಗಿನಿಂದ ಬೆಣ್ಣೆಯ ಬಣ್ಣದ ಹಣ್ಣು ಹೊರಬಂತು. ಘಮ್ಮೆಂದು ವಾಸನೆ ಬಡಿಯಿತು. ತಿಂದ. ಇನ್ನೊಂದು ಕಿತ್ತ. ಮಾವ ಕಣ್ಣು ಮುಚ್ಚಿಕೊಂಡೇ ಇದ್ದ. ಮೂರನೆಯದಕ್ಕೆ ಕೈ ಹಾಕುತ್ತ ಸಾಹೇಬ ಹಮಾಲರಿಗೆ ಬುಟ್ಟಿ ಎತ್ತಲು ಸನ್ನೆ ಮಾಡಿದ.

ಗೆದ್ದೆವು! ಬುಟ್ಟಿಗಳು ಒಂದೊಂದಾಗಿ ಗಾಡಿ ಏರಿದಾಗ ನಾನೇ ಮುಂಬಯಿಯನ್ನು ಗೆದ್ದುಬಂದಷ್ಟು ಹಿಗ್ಗಾಯಿತು. ಮಾವ ಮಾತ್ರ ಗಾಬರಿಯಾಗಿದ್ದ.

“ಏನ್ ಬರದಿಪಾ ಆ ಹಾಳ್ಯಾಗ?”

“ನಿನ್ನ ಹಣ್ಣು ಖಂಡಿತ ಛಲೊ ಅದ ಅಂತ ಬರದೆ.”

“ಅಷ್ಟು ಖಡಕ್ಕಾಗಿ? ದೃಷ್ಟಿ ಆಗಂಗಿಲ್ಲೇನು?” ಎನ್ನುತ್ತ ಸ್ಟೇಶನ್ನಿನ ಮಣ್ಣನ್ನೇ ಹಿಡಿ ತೆಗೆದುಕೊಂಡು, ಹೊರಟ ಗಾಡಿಗೆ ನಿವಾಳಿಸಿ ಚೆಲ್ಲಿದ. ಮುಂಬಯಿಯಿಂದ ಇನ್ನಷ್ಟು ಹಣ್ಣು ಬೇಕೆಂದು ಬೇಡಿಕೆ ಬಂದಾಗ, ಅದು ತನ್ನ ಮಣ್ಣಿನ ಮಹಿಮೆ ಎಂದೇ ಅವನು ನಂಬಿದ್ದ.

ಈಗ ಬಜಾರಿನಲ್ಲಿ ನನ್ನನ್ನು ‘ಸರ್ಟನ್ಲಿ ಮುನ್ಶಿ’ ಎನ್ನುತ್ತಾರೆ. ಯಾರದೇ ಮಾಲು ತಡೆದರೂ ನನ್ನ ಹತ್ತಿರ ಬರುತ್ತಾರೆ. ಕೋಣೆಯಲ್ಲಿ ಒಬ್ಬನೇ ಕುಳಿತು ಅಳುತ್ತಿದ್ದ ಮನುಷ್ಯ ಎಲ್ಲಿ ಹೋದನೋ.

ಆದರೆ ಮೊನ್ನೆ ಊರಿಗೆ ಬಂದಿದ್ದಾಗ, ಹೊರಡುವ ಹೊತ್ತಿಗೆ ಅವ್ವ “ಮತ್ತ ಯಾವಾಗ ಬರ್ತಿ?” ಎಂದಳು. “ಅಮಾಸಿಗೆ ಖಂಡಿತ ಬರ್ತೀನಿ” ಎಂದೆ. ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. “ಬಿಡ್ತು ಅನ್ನು! ಹಂಗ ಗಟ್ಟಿಸಿ ಹೇಳ್ತಾರೇನು?” “ಬಿಡ್ತು” ಎಂದೆ, “ನೋಡೋಣವ್ವ” ಎಂದೆ. ಆಗಲೇ ಅವಳ ಮುಖ ತಿಳಿಯಾಯಿತು.

ಕಲಬುರ್ಗಿಗೆ ತಿರುಗಿ ಬಂದಾಗ ಉಸ್ಮಾನಸಾಬರು ಬಾಗಿಲಲ್ಲೇ ಕೂತಿದ್ದರು. “ಬಾ ತಮ್ಮಾ. ಇನ್ನ ನೀ ಕಲಬುರ್ಗ್ಯಾಂವನೇ ಆದಿ. ಹೌದಿಲ್ಲ?”

ಗಟ್ಟಿ ಪದಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಒಂದೂ ಒಪ್ಪಲಿಲ್ಲ. ಗಂಟು ಕೆಳಗಿಟ್ಟು, ಅವ್ವ ಕಟ್ಟಿದ ರೊಟ್ಟಿಯಲ್ಲಿ ಅರ್ಧ ಅವರ ಕೈಗೆ ಕೊಡುತ್ತ ಹೇಳಿದೆ:

“ಇರಬಹುದ್ರಿ.”