ಥೆಲ್ಮಾ ಟೀಚರ್ ಮನೆಯ ರಿವಾಲ್ವರ್

ವಯೋಮಿಂಗ್‌ನ ಕೆಟಲ್ ಫೋರ್ಕ್ ಪಟ್ಟಣದಲ್ಲಿ ಥೆಲ್ಮಾ ಹೌಗನ್ ಅವರ ಕೈಕೆಳಗೆ ಓದದವರು ಕಡಿಮೆ. ಮೂವತ್ತೆಂಟು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿದರು. ಮದುವೆಯಾಗಲಿಲ್ಲ. ಹಿಮ ಸುರಿದು ರಸ್ತೆ ಮುಚ್ಚಿದ ದಿನ ದನಗಾಹಿಗಳ ಮಕ್ಕಳಿಗೆ ಶಾಲೆಯ ಒಲೆಯ ಮೇಲೇ ಬೀನ್ಸ್ ಕಾಳಿನ ಸಾರು ಕಾಯಿಸಿ ಬಡಿಸುತ್ತಿದ್ದರು. ಹಿಮದ ಉಂಡೆಯೊಳಗೆ ಕಲ್ಲಿಟ್ಟು ಎಸೆದವರನ್ನು ಮಾತ್ರ ವಾರವಿಡೀ ಆಟಕ್ಕೆ ಬಿಡುತ್ತಿರಲಿಲ್ಲ. ತಮ್ಮ ಕಾವಲಿನಲ್ಲಿ ಒಂದು ಮಗುವಿಗೂ ದೊಡ್ಡ ಪೆಟ್ಟಾಗಿಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು.

ಪ್ರತಿ ಜೂನ್‌ನಲ್ಲಿ, ಊರು ಹುಟ್ಟಿದ ದಿನದಂದು, ಮಕ್ಕಳು ಸಾರೋಟು ದರೋಡೆಯ ನಾಟಕ ಆಡುತ್ತಿದ್ದರು. ದರೋಡೆಕೋರನ ಕೈಗೆ ಥೆಲ್ಮಾ ಅವರ ಮುತ್ತಜ್ಜನ ರಿವಾಲ್ವರ್. ಆತ ಎತ್ತಿನ ಬಂಡಿಯಲ್ಲಿ ಈ ಕಡೆ ಬಂದಾಗ ಸೊಂಟದಲ್ಲಿದ್ದದ್ದು ಅದು. ಕರಿಮದ್ದು ತುಂಬಿ, ಸೀಸದ ಗುಂಡು ಜಡಿದು, ಹಿಂದೆ ಕಿಡಿ ಹಾರಿಸುವ ಕೇಪು ಕೂರಿಸಿ ಹೊಡೆಯುವ ಆರು ಕುಳಿಗಳ ಹಳೇ ಕಾಲದ ಕೋವಿ. ಮುತ್ತಜ್ಜ ಸತ್ತ ಮೇಲೆ ಬೆಂಕಿಗೂಡಿನ ಮೇಲಿನ ಮೊಳೆಗೆ ನೇತುಹಾಕಿದ್ದರು. ಕೇಪಿಲ್ಲದ ಕೋವಿ ಕಬ್ಬಿಣದ ತುಂಡು ಎಂದೇ ಮನೆಯವರೆಲ್ಲ ತಿಳಿದಿದ್ದರು.

ನಿವೃತ್ತರಾಗಿ ಒಂಬತ್ತು ವರ್ಷದ ಮೇಲೆ ಊರಿನ ವಸ್ತುಸಂಗ್ರಹಾಲಯದವರು ಅದನ್ನು ಕೇಳಿದರು. ಒಮ್ಮೆ ಶುಚಿ ಮಾಡಿಸಿ ಕೊಡೋಣವೆಂದು ಥೆಲ್ಮಾ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ರಾಯ್ಸ್ ಪೆಂಡಲ್‌ನ ಅಂಗಡಿಗೆ ಹೋದರು. ಕೋವಿ ರಿಪೇರಿ ಮಾಡುವ ರಾಯ್ಸ್‌ಗೆ ಈಗ ಐವತ್ತರ ಮೇಲೆ. ಅವನೂ ಅವರ ಹಳೇ ವಿದ್ಯಾರ್ಥಿ.

"ಕೊನೆಗೂ ನನ್ನ ಕೈಗೆ ಕೊಟ್ರಲ್ಲ ಟೀಚರ್. ನಾಟಕದಲ್ಲಿ ನನ್ನನ್ನ ಬರೀ ಸಾರೋಟು ಹೊಡೆಯೋನನ್ನಾಗಿ ಮಾಡಿದ್ರಿ," ಎಂದು ನಗುತ್ತ ರಾಯ್ಸ್ ಕೋವಿಯ ಕುಳಿಗಳಿರುವ ಉರುಳೆಯನ್ನು ಬಿಚ್ಚಿದ.

ಕುಳಿಗಳ ಬಾಯಿಗೆ ಕರಿಯ ಜಿಡ್ಡು ಕಲ್ಲಿನಂತೆ ಗಟ್ಟಿಯಾಗಿತ್ತು. ಕಡ್ಡಿಯಿಂದ ಕೆರೆದ. ಮೊದಲ ಮೂರು ಕುಳಿಗಳು ಖಾಲಿ. ನಾಲ್ಕನೆಯದನ್ನು ಕೆರೆದವನು ನಿಂತುಬಿಟ್ಟ. ಜಿಡ್ಡಿನಡಿಯಲ್ಲಿ ಬೂದುಬಣ್ಣದ ಲೋಹ ಮಿನುಗುತ್ತಿತ್ತು. ಐದನೆಯದರಲ್ಲೂ, ಆರನೆಯದರಲ್ಲೂ ಹಾಗೆಯೇ.

ಹಿಂದಕ್ಕೆ ಸರಿದು ಕೂತುಕೊಳ್ಳಿ ಎಂದು ಅವರಿಗೆ ಹೇಳಿದ. ಅರ್ಧ ಗಂಟೆ ಕೆಲಸ ಮಾಡಿದ. ಮೂರು ಸೀಸದ ಗುಂಡು ಮೇಜಿನ ಮೇಲೆ ಬಂದವು. ಕುಳಿಯಿಂದ ಉದುರಿದ ಕರಿಪುಡಿಯನ್ನು ಒಂದು ಚಿಟಿಕೆ ತೆಗೆದು ಅಂಗಳದ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದ. ಭಗ್ಗೆಂದು ಹೊತ್ತಿ ಬಿಳಿ ಹೊಗೆ ಎದ್ದಿತು. ನೂರು ವರ್ಷ ದಾಟಿದ ಮದ್ದು ನಿನ್ನೆ ಮೊನ್ನೆಯದರಂತೆ ಉರಿದುಹೋಯಿತು.

ಪ್ರತಿ ಜೂನ್‌ನಲ್ಲೂ ಆ ಕೋವಿ ಹಿಡಿದ ಕೈಗಳು, ಅದರೆದುರು ನಿಂತ ಎದೆಗಳು ಥೆಲ್ಮಾ ಅವರ ಕಣ್ಮುಂದೆ ಬಂದವು. ಕೇಪು ಇರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದರು. ಆಗ ಆ ಒಂದು ವರ್ಷ ನೆನಪಾಯಿತು.

ಆ ವರ್ಷ ದರೋಡೆಕೋರನ ಪಾತ್ರದ ಹುಡುಗಿಗೆ ದಡಾರ ಬಂದಿತ್ತು. ಥೆಲ್ಮಾ ತಾವೇ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ರಂಗಕ್ಕೆ ಇಳಿದಿದ್ದರು. ಸದ್ದು ಬಂದರೆ ಚೆಂದವೆಂದು ಮಕ್ಕಳ ಆಟಿಕೆಯ ಕೆಂಪು ಕಾಗದದ ಕೇಪು ಹರಿದು ಕೋವಿಯ ಹಿಂಬದಿಗೆ ಒತ್ತಿದ್ದರು. ಮೂರು ಸಲ ಟ್ರಿಗರ್ ಎಳೆದಿದ್ದರು. ಚಟ್ ಚಟ್ ಎಂದಾಗ ಜನ ಚಪ್ಪಾಳೆ ತಟ್ಟಿದ್ದರು. ಎದುರಿಗೆ ಎರಡು ಮಾರು ದೂರದಲ್ಲಿ ಕೈ ಮೇಲೆತ್ತಿ ನಿಂತಿದ್ದವನು ಎಂಟು ವರ್ಷದ ರಾಯ್ಸ್.

ಅವರು ಮುಖ ಎತ್ತಿದಾಗ ಅವನೂ ಅವರನ್ನೇ ನೋಡುತ್ತಿದ್ದ.

"ಮೂರು ಕೇಪು ಅಲ್ವಾ ಟೀಚರ್?"

"ಮೂರು."

"ಯಾವ ಕುಳಿಗೆ ಹಾಕಿದ್ರಿ, ನೆನಪಿದೆಯಾ?"

"ಇಲ್ಲ ಕಣೋ."

ಅವನು ಗುಂಡಿದ್ದ ಕುಳಿಗಳ ಹಿಂದಿನ, ಬೆಂಕಿ ಹಾಯುವ ತೂತುಗಳಿಗೆ ಸೂಜಿ ಇಳಿಸಿ ನೋಡಿದ. ಎರಡರಲ್ಲಿ ಜಿಡ್ಡು ಕಟ್ಟಿ ಸೂಜಿ ತಡೆಯಿತು. ಮೂರನೆಯದರಲ್ಲಿ ಸಲೀಸಾಗಿ ಒಳಗಿಳಿಯಿತು. ಕೇಪು ಆ ಕುಳಿಗೆ ಬಿದ್ದಿದ್ದರೆ ಕಿಡಿಗೆ ತಡೆಯೇ ಇರಲಿಲ್ಲ. ಅವನು ಉರುಳೆಯನ್ನು ಮೇಜಿನ ಮೇಲಿಟ್ಟು ತನ್ನ ಎದೆಗೆ ಕೈ ಒತ್ತಿಕೊಂಡ. ತನಗೆ ಗೊತ್ತಿಲ್ಲದೆ ಮಾಡಿದ್ದು ಅದು.

"ಬೈದುಬಿಡೋ ನನ್ನ," ಎಂದರು ಥೆಲ್ಮಾ.

"ಬೈಯೋಕೆ ಬಾಯೇ ಬರ್ತಿಲ್ಲ ಟೀಚರ್. ಸ್ವಲ್ಪ ಕಾಫಿ ಕುಡೀರಿ."

ಥೆಲ್ಮಾ ಕಾಫಿ ಮುಟ್ಟದೆ ಕೈಚೀಲ ಎತ್ತಿಕೊಂಡು ಎದ್ದರು.

ಮುಚ್ಚಿಡುವುದು ಅವರ ಸ್ವಭಾವವಲ್ಲ. ಮರುವಾರದಿಂದ ತಮ್ಮ ಹಳೇ ವಿದ್ಯಾರ್ಥಿಗಳ ಮನೆಮನೆಗೆ ಹೋಗಿ ನಡೆದದ್ದನ್ನು ಹೇಳಿದರು. ಕೆಲವರು ನಕ್ಕರು. ಒಬ್ಬಳು ಒಳಗೆ ಹೋಗಿ ತನ್ನ ಮಕ್ಕಳನ್ನು ಎಣಿಸಿದವಳಂತೆ ನೋಡಿ ಬಂದಳು. ಕೊನೆಗೆ ಉಳಿದದ್ದು ರಾಯ್ಸ್‌ನ ತಾಯಿ, ತೊಂಬತ್ತೊಂದರ ಮುದುಕಿ ಎಡ್ನಾ. ಅವರಿಗೆ ಹೇಳಬೇಡಿ ಎಂದು ರಾಯ್ಸ್ ಬೇಡಿಕೊಂಡಿದ್ದ. ಥೆಲ್ಮಾ ಹೋಗಿ ಹೇಳಿದರು.

ಎಡ್ನಾ ಕಿಟಕಿಯ ಕಡೆ ಮುಖ ತಿರುಗಿಸಿದರು. "ಇವತ್ತು ಇಲ್ಲಿಂದ ಹೋಗು ಥೆಲ್ಮಾ. ನಿನ್ನ ಮುಖ ನೋಡೋಕಾಗ್ತಿಲ್ಲ. ನಾಳೆ ಬಾ," ಎಂದರು.

ಥೆಲ್ಮಾ ಮರುದಿನ ಬೆಳಿಗ್ಗೆಯೇ ಹೋದರು. ಎಡ್ನಾ ಬಾಗಿಲು ತೆರೆದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.