ಊರೊಳಗೆ ಇಪ್ಪತ್ತು

ನಮ್ಮ ಬೀದಿಯಲ್ಲಿ ನಂಜಣ್ಣನವರನ್ನು ಹಿಂದಿಕ್ಕದ ವಾಹನವೇ ಇರಲಿಲ್ಲ. ಪೇಪರ್ ಹಾಕುವ ಸೈಕಲ್ಲು ಹಿಂದಿಕ್ಕುತ್ತಿತ್ತು. ಗ್ಯಾಸ್ ಸಿಲಿಂಡರಿನ ಆಟೋ ಹಾರ್ನ್ ಹೊಡೆದು ಹಿಂದಿಕ್ಕುತ್ತಿತ್ತು. ಇಳಿಜಾರಿನಲ್ಲಿ ಸೊಪ್ಪಿನ ತಳ್ಳುಗಾಡಿಯೂ ಒಮ್ಮೆ ಹಿಂದಿಕ್ಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರ ಹಳೆಯ ಬೈಕಿನ ವೇಗದ ಮುಳ್ಳು ಇಪ್ಪತ್ತಕ್ಕೆ ಬಂದು ನಿಂತರೆ ಮುಗಿಯಿತು. ಅದರ ಮುಂದಿನ ಅಂಕಿಗಳನ್ನು ಯಾಕೆ ಬರೆದಿದ್ದಾರೋ ಎನ್ನುವ ಹಾಗೆ ಅಲ್ಲೇ ಇರುತ್ತಿತ್ತು.

ಇದೇ ನಂಜಣ್ಣ ವೃತ್ತಿಯಿಂದ ಮೋಟರ್‌ಸೈಕಲ್ ರೇಸಿನ ಸವಾರರು. ತಿಂಗಳಿಗೊಮ್ಮೆ ಚೆನ್ನೈ ಕಡೆಯ ರೇಸ್ ಟ್ರ್ಯಾಕಿಗೆ ಹೋಗಿ, ಗಂಟೆಗೆ ಇನ್ನೂರರ ಮೇಲಿನ ವೇಗದಲ್ಲಿ ಬೈಕು ಓಡಿಸಿ, ಸೋಮವಾರ ಬೆಳಿಗ್ಗೆ ಉದಯಗಿರಿಯ ತಮ್ಮ ಗ್ಯಾರೇಜಿನಲ್ಲಿ ಯಾರದೋ ಸ್ಕೂಟರಿನ ಬ್ರೇಕ್ ಸರಿಮಾಡುತ್ತಾ ಕೂತಿರುತ್ತಿದ್ದರು. ತಿ. ನರಸೀಪುರದ ಕಡೆಯ ಒಕ್ಕಲು ಮನೆತನ. ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದ ತಂದೆ ಮೈಸೂರಿಗೆ ಬಂದು ಇಟ್ಟ ಗ್ಯಾರೇಜು ಅದು. ಕೆಳಗೆ ಗ್ಯಾರೇಜು, ಮೇಲೆ ಮನೆ. ಎದುರುಮನೆ ನನ್ನದು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು, ಮತ್ತು ನಮ್ಮ ಬೀದಿಯ ಗೆಳೆಯರ ಬಳಗದ ಕಾರ್ಯದರ್ಶಿ. ಎರಡನೆಯದೇ ದೊಡ್ಡ ಹುದ್ದೆ ಎಂದು ಆಗ ತಿಳಿದಿದ್ದೆ.

ಒಮ್ಮೆ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಅವರನ್ನು ಅಡ್ಡಹಾಕಿದರು. ಹಿಂದೆ ಕೂತಿದ್ದವನು ನಾನೇ.

"ಏನ್ರೀ, ಇಷ್ಟ್ ನಿಧಾನ? ಲೈಸೆನ್ಸ್ ಇಲ್ವಾ? ಕುಡ್ದಿದ್ದೀರಾ?"

"ಎರಡೂ ಇಲ್ಲ ಸಾ. ಲೈಸೆನ್ಸ್ ಐತೆ, ಕುಡ್ದಿಲ್ಲ," ಎಂದು ನಂಜಣ್ಣ ಕಾಗದ ತೆಗೆದರು.

ನಾನು ತಡೆಯಲಾರದೆ, "ಸರ್, ಇವರು ರೇಸ್ ಚಾಂಪಿಯನ್ನು," ಎಂದೆ. ಆತ ನಮ್ಮಿಬ್ಬರ ಬಾಯನ್ನೂ ಮೂಸಿ ನೋಡಿದ ಮೇಲೆಯೇ ಬಿಟ್ಟದ್ದು.

ಮುಂದೆ ಹೋಗುತ್ತಾ ನಂಜಣ್ಣ ಬೇಜಾರಿಲ್ಲದೆ ಹೇಳಿದರು: "ಅಲ್ಲಿ ಎಲ್ರೂ ಒಂದೇ ಕಡೀಕ್ ಓಡ್ತಾರೆ ಮೇಷ್ಟ್ರೇ. ಎದುರುಗಡೆಯಿಂದ ಯಾರೂ ಬರಲ್ಲ, ಮಧ್ಯದಲ್ಲಿ ಯಾರೂ ಫೋನಲ್ಲಿ ಮಾತಾಡ್ತಾ ನಿಂತಿರಲ್ಲ. ಬಿದ್ರೆ ಎತ್ಕೊಳೋಕೆ ಆಂಬುಲೆನ್ಸು ಎಂಜಿನ್ ಆನ್ ಮಾಡ್ಕಂಡೇ ಕಾಯ್ತಿರ್ತದೆ. ಇಲ್ಲೇನೈತೆ? ಊರೊಳಗೆ ಇಪ್ಪತ್ತು ಸಾಕು ಕಣ್ರೀ."

ಬೀದಿಗೆ ಇದು ಸಾಕಾಗುತ್ತಿರಲಿಲ್ಲ. ನಮ್ಮವರೊಬ್ಬರು ದೇಶಕ್ಕೇ ವೇಗದ ಸವಾರರು ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡಿದ್ದೆವು. ನೆಂಟರು ಬಂದಾಗ ಕಿಟಕಿಯಿಂದ ತೋರಿಸಿದರೆ ಈ ಮನುಷ್ಯ ತಿರುವಿಗೆ ಐವತ್ತು ಮಾರು ಮೊದಲೇ ಕೈ ಚಾಚಿಕೊಂಡು, ಬೆಕ್ಕು ದಾಟಲಿ ಎಂದು ಕಾಯುತ್ತಾ ನಿಂತಿರುತ್ತಿದ್ದರು. "ಇವರೇನಾ?" ಎಂದು ನೆಂಟರು ಕೇಳುವುದು, ನಾವು ಮಾತು ತಿರುಗಿಸಿ ಕಾಫಿ ತರಲು ಏಳುವುದು. ಮಹಡಿಯ ಮೇಲೆ ಒಣಹಾಕಿದ ಅವರ ಚರ್ಮದ ರೇಸ್ ಉಡುಪೊಂದೇ ನಮ್ಮ ಮಾನ ಉಳಿಸುತ್ತಿದ್ದದ್ದು. ತಲೆಯಿಲ್ಲದ ಮನುಷ್ಯ ತಂತಿಗೆ ನೇತುಬಿದ್ದ ಹಾಗೆ ಕಾಣುತ್ತಿದ್ದ ಅದರ ಮೊಣಕಾಲಿನ ಬಳಿ ನೆಲಕ್ಕೆ ಉಜ್ಜಿ ಸವೆದ ಗುರುತಿತ್ತು. ಅದನ್ನಾದರೂ ತೋರಿಸುತ್ತಿದ್ದೆವು.

ನಮ್ಮ ಬಳಗದಿಂದ ಮೊದಲ ಸನ್ಮಾನ ಮಾಡಿದಾಗ ಮುಖ್ಯ ಅತಿಥಿಗಳು ಇಪ್ಪತ್ತೈದು ನಿಮಿಷ ಮಾತಾಡಿ, ಕುದುರೆಗಳ ಬಗ್ಗೆ ನಂಜಣ್ಣನವರಿಗಿರುವ ಪ್ರೀತಿಯನ್ನು ಕೊಂಡಾಡಿದರು. ಮೈಸೂರಿನಲ್ಲಿ ರೇಸ್ ಎಂದರೆ ಕುದುರೆಯದೇ ತಾನೇ. ಸಭೆ ಮುಗಿದ ಮೇಲೆ ಇಬ್ಬರು ಹಿರಿಯರು ಅವರನ್ನು ಪಕ್ಕಕ್ಕೆ ಕರೆದು, ಭಾನುವಾರ ಯಾವ ನಂಬರಿಗೆ ಕಟ್ಟಬಹುದೆಂದು ಗುಟ್ಟಾಗಿ ಕೇಳಿದರು. ನಂಜಣ್ಣ ಸ್ವಲ್ಪ ಯೋಚಿಸಿ, "ಕಟ್ಬ್ಯಾಡಿ ಸಾ," ಎಂದರು. ಅದಕ್ಕಿಂತ ಒಳ್ಳೆಯ ಸಲಹೆ ಆ ಹಿರಿಯರಿಗೆ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ.

ಅವರ ರೇಸು ನೋಡಲು ನಾನು ಹೋದದ್ದು ಒಂದೇ ಸಲ. ಬಳಗದ ಪರವಾಗಿ ಶಾಲು, ಪೇಟ, ದೇವರಾಜ ಮಾರುಕಟ್ಟೆಯಿಂದ ತಂದ ಸುಗಂಧರಾಜದ ಹಾರ ಎಲ್ಲವನ್ನೂ ಹೊತ್ತುಕೊಂಡು ಹೋಗಿದ್ದೆ. ಹದಿನೆಂಟು ಸವಾರರು ಸಾಲಾಗಿ ನಿಂತಿದ್ದರು. ಕೆಂಪು ದೀಪ ಆರಿತು, ಹದಿನೆಂಟು ಬೈಕೂ ಒಟ್ಟಿಗೆ ನುಗ್ಗಿದವು. ಮೊದಲ ತಿರುವಿನಲ್ಲಿ ಆ ಬೈಕುಗಳು ಮಲಗಿದ ರೀತಿ ನೋಡಿ, ಎಲ್ಲರೂ ಬಿದ್ದೇಬಿಟ್ಟರು ಎಂದು ಎದ್ದು ನಿಂತೆ. ಯಾರೂ ಬಿದ್ದಿರಲಿಲ್ಲ. ಮೊಣಕಾಲನ್ನು ರಸ್ತೆಗೆ ಸವರಿಕೊಂಡು, ಮೊಣಕೈ ನೆಲಕ್ಕೆ ತಾಗುವಷ್ಟು ಬಾಗಿ, ಒಬ್ಬರ ಸೊಂಟಕ್ಕೆ ಒಬ್ಬರ ಚಕ್ರ ತಾಗಿತೋ ಎನ್ನುವಷ್ಟು ಹತ್ತಿರದಲ್ಲಿ ಹದಿನೆಂಟು ಜನವೂ ದಾಟಿಹೋದರು. ಅವರಲ್ಲೊಬ್ಬರು ನಮ್ಮ ಬೀದಿಯಲ್ಲಿ ಬೆಕ್ಕಿಗೆ ದಾರಿ ಬಿಡುವ ನಂಜಣ್ಣ ಎಂದು ನನಗೆ ನಂಬಿಕೆಯೇ ಬರಲಿಲ್ಲ. ನಿಜ ಹೇಳಬೇಕೆಂದರೆ, ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ತಿರುವಿನಲ್ಲೇ.

ಕೊನೆಯ ಸುತ್ತಿನಲ್ಲಿ ಮುಂದಿದ್ದ ಸವಾರನೊಬ್ಬ ಜಾರಿಬಿದ್ದ. ನಂಜಣ್ಣ ಮೊದಲಿಗರಾಗಿ ಗೆರೆ ದಾಟಿದರು, ಆದರೆ ಕೈ ಎತ್ತಲಿಲ್ಲ. ನಾನು ಹಾರ ಹಿಡಿದು ಓಡಿದೆ. ಹೆಲ್ಮೆಟ್ಟು ಹಾಕಿದ ಮೇಲೆ ಎಲ್ಲ ಸವಾರರೂ ಒಂದೇ. ನಾನು ಹಾರ ಹಾಕಿ, ಶಾಲು ಹೊದಿಸಿ, ಪೇಟವನ್ನು ಹೆಲ್ಮೆಟ್ಟಿನ ಮೇಲೆಯೇ ಇಟ್ಟು, ನಾಲ್ಕು ಸಾಲು ಹೊಗಳಿಕೆಯನ್ನೂ ಹೇಳಿ ಮುಗಿಸಿದ ಮೇಲೆ ಒಳಗಿನಿಂದ ಹೊರಬಂದ ಮುಖ ಪುಣೆಯ ಸಮೀರ ಎಂಬ ಹುಡುಗನದು. ಎರಡನೆಯವನಾಗಿ ಬಂದಿದ್ದ. ನಂಜಣ್ಣನವರಿಗೆ ಸಮಸಮ ಎನ್ನಬಹುದಾದ ಎದುರಾಳಿ ಅವನೊಬ್ಬನೇ. ಪಾಪ, ಬಹಳ ಸಂತೋಷಪಟ್ಟು ಫೋಟೋ ತೆಗೆಸಿಕೊಂಡ. ನಂಜಣ್ಣ ಆಗ ಬಿದ್ದ ಸವಾರನನ್ನು ನೋಡಲು ಟ್ರ್ಯಾಕಿನ ಆಸ್ಪತ್ರೆ ಕೋಣೆಯಲ್ಲಿದ್ದರು.

"ಬಿದ್ದೋನು ಎದ್ದು ಕುಂತ್ನಾ ಅಂತ ನೋಡ್ದೆ ಕೈ ಎತ್ತಬಾರ್ದು ಮೇಷ್ಟ್ರೇ," ಎಂದರು ಬಂದ ಮೇಲೆ. ಹಾರದ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೋಗ್ಲಿ ಬುಡಿ, ಪೇಟ ಅವನಿಗೇ ಒಪ್ತದೆ."

ಅವರ ಇನ್ನೊಂದು ಅಭ್ಯಾಸವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಪ್ರತಿ ವಾಹನಕ್ಕೂ ದೃಷ್ಟಿ ತೆಗೆದು, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ರಸ್ತೆಯ ಮಧ್ಯದಲ್ಲೇ ಒಡೆಯುತ್ತಾರೆ. ವಾಹನಗಳಿಗೆ ಅಪಘಾತವಾಗದಿರಲಿ ಎಂದು ಒಡೆಯುವ ಆ ಕಾಯಿಯ ಮೇಲೆ ಸಂಜೆಯ ಹೊತ್ತಿಗೆ ನಾಲ್ಕಾರು ವಾಹನಗಳು ಜಾರಿ ಬೀಳುವುದೂ ವರ್ಷವರ್ಷದ ಪದ್ಧತಿ. ನಂಜಣ್ಣ ಪೂಜೆ ಮುಗಿದ ಗಳಿಗೆಯಲ್ಲೇ ಪೊರಕೆ, ಗೋಣಿಚೀಲ ಹಿಡಿದು ಹೊರಟು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಗುಡಿಸಿ ಹಾಕುತ್ತಿದ್ದರು. ದೃಷ್ಟಿ ತೆಗೆದದ್ದನ್ನು ಮುಟ್ಟಬಾರದು ಎಂದು ಪಕ್ಕದ ಮನೆಯ ಪುಟ್ಟಮ್ಮಜ್ಜಿ ಬೈಯುವರು.

"ಟೈರಿಗೆ ದೃಷ್ಟಿ ಗಿಷ್ಟಿ ಗೊತ್ತಾಗಲ್ಲ ಕಣಜ್ಜಿ. ಜಾರ್ತದೆ, ಅಷ್ಟೇ," ಎನ್ನುವರು ಇವರು.

ನಾನು ಹೇಳಬೇಕಾದದ್ದು ಒಂದು ಆಯುಧಪೂಜೆಯ ಬಗ್ಗೆ. ಆ ವರ್ಷ ನಂಜಣ್ಣನವರಿಗೆ ಮೂವತ್ತೊಂಬತ್ತು. ಚಾಂಪಿಯನ್‌ಷಿಪ್ಪಿನ ಒಂದು ರೇಸು ಮಾತ್ರ ಬಾಕಿ, ಹಬ್ಬ ಕಳೆದು ಎರಡು ವಾರಕ್ಕೆ. ಅಂಕದಲ್ಲಿ ಇವರೇ ಮುಂದೆ, ಸಮೀರ ಹಿಂದೆ. ನಾಲ್ಕನೆಯವರಾಗಿ ಬಂದರೂ ಪ್ರಶಸ್ತಿ ಇವರದೇ. ನಾನು ಅವರನ್ನು ಚಾಂಪಿಯನ್ ಎಂದು ಊರಿಗೆಲ್ಲ ಸಾರಿದ್ದರೂ ಆ ದೊಡ್ಡ ಪ್ರಶಸ್ತಿ ಹದಿನೈದು ವರ್ಷದಲ್ಲಿ ಅವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. "ಈ ಸಲ ಆಗ್ದೆ ಇದ್ರೆ ಆಗಲ್ಲ ಮೇಷ್ಟ್ರೇ. ಇಪ್ಪತ್ತೊರ್ಷದ ಹುಡುಗ್ರ ಕಣ್ಣೇ ಬೇರೆ," ಎಂದು ಒಂದು ಸಂಜೆ ಮೆಲ್ಲಗೆ ಹೇಳಿದ್ದರು.

ಇಂಥ ಸಂದರ್ಭವನ್ನು ಬಳಗ ಬಿಡುತ್ತದೆಯೇ? ಆಯುಧಪೂಜೆಯ ದಿನವೇ ಗ್ಯಾರೇಜಿನ ಮುಂದೆ ಶಾಮಿಯಾನ, ರೇಸ್ ಬೈಕಿಗೆ ಪೂಜೆ, ಅತಿಥಿಗಳು. ಬೂದುಗುಂಬಳಕಾಯಿ ಒಡೆದದ್ದು ಅತಿಥಿಗಳು. ಎರಡು ಏಟಿಗೂ ಒಡೆಯದೆ ಮೂರನೆಯದಕ್ಕೆ ಬೀದಿಯ ತುಂಬ ಚೆಲ್ಲಾಡಿತು. ನಂಜಣ್ಣ ಪೊರಕೆ ತಂದರು. ನಾನು ಓಡಿಹೋಗಿ ಕಿತ್ತುಕೊಂಡೆ.

"ಏನ್ ನಂಜಣ್ಣ, ಚಾಂಪಿಯನ್ ಆಗಿ ಪೊರಕೆ ಹಿಡೀತೀರಾ? ಫೋಟೋದೋರು ಇದ್ದಾರೆ. ನಾನು ಗುಡಿಸ್ತೀನಿ, ನೀವು ವೇದಿಕೆಗೆ ಹೋಗಿ."

"ಮರೀಬ್ಯಾಡಿ ಮೇಷ್ಟ್ರೇ."

"ನಾನಾ? ಮರೆಯೋದಾ?"

ಮರೆತೆ. ಸ್ವಾಗತ ಭಾಷಣ ನನ್ನದು, ನಿರೂಪಣೆ ನನ್ನದು, ವಂದನಾರ್ಪಣೆಯೂ ನನ್ನದೇ. ಆಮೇಲೆ ಹೋಳಿಗೆ ಊಟ, ಊಟದ ಮೇಲೆ ನಿದ್ದೆ. ಸಂಜೆ ಐದೂವರೆಗೆ ರಸ್ತೆಯಲ್ಲಿ ಏನೋ ಬಿದ್ದ ಸದ್ದಿಗೆ ಎಚ್ಚರವಾಯಿತು. ನಂಜಣ್ಣ ಬೈಕಿನಲ್ಲಿ ಹಾಲು ತರಲು ಹೊರಟವರು ಗ್ಯಾರೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಿದ್ದಿದ್ದರು. ಬಲ ಹೆಗಲಿನ ಕಾಲರ್ ಬೋನ್ ಮುರಿದಿತ್ತು. ನಾನು ಹೋಗುವಷ್ಟರಲ್ಲಿ ಜನ ಸೇರಿ, ಹೇಗಾಯಿತು ಎಂದು ಕೇಳುತ್ತಿದ್ದರು. ನಂಜಣ್ಣ ನನ್ನನ್ನು ನೋಡಿದರು. ಆಮೇಲೆ ಜನರ ಕಡೆ ತಿರುಗಿ, "ನಂದೇ ತಪ್ಪು. ಸ್ಪೀಡ್ ಜಾಸ್ತಿಯಾಯ್ತು," ಎಂದರು.

ನಮ್ಮ ಬೀದಿ ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮೂಳೆ ಮುರಿದದ್ದಕ್ಕೆ ಎಲ್ಲರಿಗೂ ಮರುಕವಿತ್ತು, ಇಲ್ಲವೆನ್ನಲಾರೆ. ಆದರೆ ಹದಿನೈದು ವರ್ಷ ಕಾದಿದ್ದು ಕೊನೆಗೂ ನಡೆದಿತ್ತಲ್ಲ! ಅವತ್ತು ಸಂಜೆ ಅರವತ್ತರಲ್ಲಿದ್ದರಂತೆ ಎಂದರು. ಮಾರನೆಯ ದಿನ ವಿಜಯದಶಮಿಯ ಮೆರವಣಿಗೆ ನೋಡಿ ಬರುವಷ್ಟರಲ್ಲಿ ತೊಂಬತ್ತಾಗಿತ್ತು. ಹಾಲಿನ ಡೈರಿಯವನು ಚಕ್ರದಿಂದ ಕಿಡಿ ಹಾರಿದ್ದನ್ನೂ ನೋಡಿದ್ದ. ಆಸ್ಪತ್ರೆಗೆ ಹೋದವರೆಲ್ಲ ನಂಜಣ್ಣನವರ ಎಡಗೈಯನ್ನು ಹೆಮ್ಮೆಯಿಂದ ಕುಲುಕಿ ಬರುತ್ತಿದ್ದರು. ನಾನೂ ಹೋಗಿ, ಕಿತ್ತಳೆ ಹಣ್ಣು ಇಟ್ಟು, ಹವಾಮಾನದ ಬಗ್ಗೆ ಮಾತಾಡಿ ಬಂದೆ. ಮೂರನೆಯ ದಿನ ಸ್ಥಳೀಯ ಸಂಜೆ ಪತ್ರಿಕೆಯ ವರದಿಗಾರ ಫೋನು ಮಾಡಿ, ವೇಗವೇ ಕಾರಣವಂತೆ ಹೌದೇ ಎಂದು ಕೇಳಿದ. ಕಾರ್ಯದರ್ಶಿಗಳ ಹೇಳಿಕೆ ಬೇಕಿತ್ತು ಅವನಿಗೆ.

"ಹೌದು, ವೇಗದಲ್ಲಿದ್ದರು," ಎಂದೆ. ನನ್ನ ಹೆಸರಿನೊಂದಿಗೇ ಅಚ್ಚಾಯಿತು.

ನಂಜಣ್ಣ ಮೂಳೆಗೆ ಪ್ಲೇಟು ಹಾಕಿಸಿಕೊಂಡು ಕೊನೆಯ ರೇಸಿಗೆ ಹೋದರು. ಟ್ರ್ಯಾಕಿನ ವೈದ್ಯರು ನೆಲಕ್ಕೆ ಕೈಯೂರಿ ಮೈ ಎತ್ತಿ ತೋರಿಸಿ ಎಂದರಂತೆ. ಮೂರು ಸಲ ಎತ್ತಿದರು, ನಾಲ್ಕನೆಯದಕ್ಕೆ ಆಗಲಿಲ್ಲ. ಓಡಿಸಲು ಬಿಡಲಿಲ್ಲ, ಟ್ರ್ಯಾಕಿನ ಗೋಡೆಯ ಪಕ್ಕ ನಿಂತು ರೇಸು ನೋಡಿ ಬಂದರು. ಪ್ರಶಸ್ತಿ ಸಮೀರನಿಗೆ ಹೋಯಿತು. ಅದಾದ ಎರಡು ವಾರಕ್ಕೆ ಅವರ ರೇಸ್ ತಂಡದಿಂದ ಕಾಗದ ಬಂತು, ಜೊತೆಗೆ ಪತ್ರಿಕೆಯ ಆ ತುಣುಕು. ಊರಿನ ರಸ್ತೆಯಲ್ಲಿ ರೇಸು ಓಡಿಸುವ ಸವಾರರನ್ನು ಮುಂದಿನ ವರ್ಷ ಇಟ್ಟುಕೊಳ್ಳಲಾಗುವುದಿಲ್ಲ ಎಂದು ಬರೆದಿದ್ದರು. ಇಪ್ಪತ್ತು ದಾಟದ ಮನುಷ್ಯನಿಗೆ!

ಮೂರು ತಿಂಗಳ ಮೇಲೆ ಅವರು ಗ್ಯಾರೇಜು ಖಾಲಿ ಮಾಡಿದರು. ಕೊಯಮತ್ತೂರಿನ ಕಡೆ ಸ್ನೇಹಿತರೊಬ್ಬರು ಹೊಸ ಸವಾರರಿಗೆ ಕಲಿಸುವ ಶಾಲೆ ನಡೆಸುತ್ತಾರಂತೆ, ಅಲ್ಲಿಗೆ ಹೊರಟಿದ್ದರು. ಬೀಳ್ಕೊಡುಗೆ ಸಮಾರಂಭ ಮಾಡೋಣವೆಂದು ಬಳಗದವರು ಹೇಳಿದರೂ ನಾನು ಮೊದಲ ಬಾರಿಗೆ ಬೇಡವೆಂದೆ. ಸಾಮಾನು ಲಾರಿಗೆ ಏರುತ್ತಿದ್ದಾಗ ಅವರ ಬಳಿ ಹೋಗಿ ನಿಂತೆ.

"ನಂಜಣ್ಣ, ಅವತ್ತು ನಾನು ಗುಡಿಸಲಿಲ್ಲ."

"ಗೊತ್ತು ಮೇಷ್ಟ್ರೇ. ಬಿದ್ದಾಗ ಮೂಗಿನ ಪಕ್ಕದಲ್ಲೇ ಇತ್ತು, ಕುಂಕುಮ ಮೆತ್ಕಂಡಿದ್ದ ಚೂರು."

"ಮತ್ಯಾಕೆ ಸ್ಪೀಡು ಅಂದ್ರಿ?"

ಅವರು ಸ್ಪ್ಯಾನರುಗಳ ಡಬ್ಬವನ್ನು ಎಡಗೈಯಲ್ಲಿ ಎತ್ತಿ ಲಾರಿಗಿಟ್ಟರು. ಬಲಗೈ ಇನ್ನೂ ಮೇಲೆ ಏಳುತ್ತಿರಲಿಲ್ಲ.

"ನನ್ ಮೂಳೆ ಇವತ್ತಲ್ಲ ನಾಳೆ ಕೂಡ್ಕತದೆ. ಮೇಷ್ಟ್ರು ಚಾಂಪಿಯನ್ನನ್ನ ಬೀಳಿಸ್ಬುಟ್ರು ಅಂತ ಈ ಬೀದಿ ಬಾಯಿಗ್ ಬಿದ್ರೆ, ನಿಮ್ ಮಾನ ಕೂಡ್ಕತಿತ್ತಾ? ಅದ್ಕೇ ಅಂದೆ. ನೀವು ಮರೆತ್ರಿ, ಅಷ್ಟೇ. ಮನುಷ್ಯ ಅಂದ್ಮೇಲೆ ಮರೀತಾನೆ."

ನನಗೆ ಹಗುರವಾಯಿತು. ಕೈ ಹಿಡಿದುಕೊಳ್ಳಲು ಹೋದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಪೇಪರ್ನೋನು ಫೋನ್ ಮಾಡ್ದಾಗ ಮರ್ತಿರ್ಲಿಲ್ವಲ್ಲ ಮೇಷ್ಟ್ರೇ," ಎಂದರು. ಸಿಟ್ಟಿನಿಂದಲ್ಲ, ಕೇಳಬೇಕೆಂದು ಬಹಳ ದಿನ ಇಟ್ಟುಕೊಂಡಿದ್ದ ಹಾಗೆ ಕೇಳಿದರು. ಆಮೇಲೆ ಲಾರಿ ಹತ್ತಿ ಕೂತರು.

ಎರಡು ವರ್ಷವಾಯಿತು. ಅವರು ಈ ಕಡೆ ಬಂದಿಲ್ಲ. ಬೀದಿಯಲ್ಲಿ ಅವರ ವೇಗ ಈಗ ನೂರನಲವತ್ತರಲ್ಲಿದೆ. ಹೇಳುವವರು ಹೇಳಿ ಮುಗಿಸಿ ನನ್ನ ಕಡೆ ನೋಡುತ್ತಾರೆ, ನಾನು ತಲೆಯಾಡಿಸುತ್ತಾ ಬಂದಿದ್ದೇನೆ. ಇದನ್ನು ಬರೆದು ಅದೇ ಸಂಜೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ಇನ್ನೊಂದು ಪ್ರತಿ ಅವರ ಹಳೆಯ ತಂಡಕ್ಕೆ. ನಂಜಣ್ಣನವರಿಗೀಗ ನಲವತ್ತೊಂದು, ಇದರಿಂದ ಏನೂ ತಿರುಗಿ ಬರುವುದಿಲ್ಲವೆಂದು ಗೊತ್ತಿದೆ. ಅವತ್ತಿನ ಹೇಳಿಕೆಗೆ ಹಾಕಿದ ಹಾಗೆಯೇ ನನ್ನ ಹೆಸರು, ಹುದ್ದೆ ಎರಡನ್ನೂ ಹಾಕಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.