ಕುಂಕುಮ ಹಚ್ಚಿದ ಹಳೆಯ ಯಂತ್ರ

ಹಗರಿಬೊಮ್ಮನಹಳ್ಳಿಯ ನನ್ನ ಕಂಪ್ಯೂಟರ್ ಅಂಗಡಿಗೆ ಅಂದು ಅಜ್ಜಿಯೊಬ್ಬರು ಬಂದಿದ್ದರು. ಪಿಂಚಣಿ ನಿಲ್ಲಬಾರದೆಂದರೆ, ತಾವು ಬದುಕಿರುವುದಕ್ಕೆ ಸಾಕ್ಷಿಯಾಗಿ ಅವರು ಬೆರಳಚ್ಚು ಕೊಡಬೇಕಿತ್ತು. ಅದೇ ಕೊನೆಯ ದಿನ. ನಾನು ತಂದಿದ್ದ ಹೊಸ ಬೆರಳಚ್ಚು ಯಂತ್ರದ ಸಾಫ್ಟ್‌ವೇರ್ ಹಾಕಲು ಹೋದರೆ ಮೂರು ಸಲವೂ ಅರ್ಧಕ್ಕೇ ನಿಂತಿತು. ನಾಲ್ಕನೆಯ ಸಲವೂ ನಿಂತಾಗ ಮೇಜು ಗುದ್ದಿದೆ.

“ಮೇಜೇನು ಮಾಡೈತೋ ಯಪ್ಪಾ?” ಎಂದರು ಅಜ್ಜಿ. ಪಕ್ಕದಲ್ಲಿದ್ದ ಹಳೆಯ ಬೆರಳಚ್ಚು ಯಂತ್ರ ತೋರಿಸಿ ಕೇಳಿದರು, “ಈ ಕುಂಕುಮ ಹಚ್ಚಿದ್ದು ನಡಿಯಂಗಿಲ್ಲೇನು?”

“ಅದು ಕೆಟ್ಟೈತಬೇ.”

“ಕೆಟ್ಟಿದ್ದಕ್ಕ ಪೂಜಿ ಬ್ಯಾರೆ!”

ಆಗ ಹೊಳೆಯಿತು. ಆಯುಧಪೂಜೆಯಲ್ಲಿ ಪೂಜಿಸಿದ್ದನ್ನು ಕೀಳಬಾರದೆಂದು ಹಳೆಯ ಯಂತ್ರವನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟಿದ್ದೆ. ಅದನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಕಂಪ್ಯೂಟರಿನ ಒಳಗೇ ಕೂತು ಹೊಸದರ ಡ್ರೈವರಿಗೆ ಅಡ್ಡ ಬರುತ್ತಿತ್ತು. ಯಂತ್ರವನ್ನು ಕಿತ್ತೆ, ಅದರ ಡ್ರೈವರ್ ಅಳಿಸಿದೆ, ಕಂಪ್ಯೂಟರನ್ನು ಆರಿಸಿ ಮತ್ತೆ ಶುರು ಮಾಡಿದೆ. ಈ ಸಲ ಸಾಫ್ಟ್‌ವೇರ್ ಎಲ್ಲಿಯೂ ನಿಲ್ಲಲಿಲ್ಲ.

ಅಜ್ಜಿಯ ಸವೆದ ಹೆಬ್ಬೆರಳನ್ನು ಹೊಸ ಯಂತ್ರ ಎರಡನೆಯ ಸಲಕ್ಕೆ ಒಪ್ಪಿಕೊಂಡಿತು.

“ಅಂತೂ ಬದುಕಿದೆ ನೋಡಪಾ,” ಎಂದು ಅವರು ಸೆರಗು ಸರಿಮಾಡಿಕೊಂಡು ಎದ್ದರು. ನಾನು ಕೈಗೆ ಅಂಟಿದ್ದ ಕುಂಕುಮ ಒರೆಸಿಕೊಂಡೆ.